ಸಿಂಗಲ್ಸ್ ಬಿಟ್ಟ ಮೇಲೆ ಬದಿ ಬದಲಿಸಿದ ಆಟಗಾರ: ಒಂದು ಪ್ರಕರಣ ಅಧ್ಯಯನ

ಇಲ್ಲಿ ಹೇಳುತ್ತಿರುವ ಟೆನಿಸ್ ಆಟಗಾರ ಈಗಲೂ ವೃತ್ತಿಪರ ಟೂರ್‌ನಲ್ಲಿದ್ದಾನೆ. ಎದುರಾಳಿಗಳು ಓದಿ ಗುರುತು ಹಿಡಿಯಬಾರದೆಂದು ಹೆಸರು, ಊರು, ಜೊತೆಗಾರರು, ಟೂರ್ನಿಗಳ ವಿವರ ಬಿಟ್ಟಿದೆ. ಒಂದೆರಡು ಸಣ್ಣ ಸಂಗತಿಗಳನ್ನು ಬದಲಿಸಿದೆ. ಆಟದ ಲೆಕ್ಕಾಚಾರವನ್ನು ಮುಟ್ಟಿಲ್ಲ. ಉಪಯೋಗಕ್ಕೆ ಬರುವುದು ಅದೇ.

ಹಿನ್ನೆಲೆ

ಬಲಗೈ ಆಟಗಾರ, ಎತ್ತರ ಆರಡಿ ಮೂರಿಂಚು, ಬ್ಯಾಕ್‌ಹ್ಯಾಂಡ್ (ಎಡಬದಿಗೆ ಬಂದ ಬಾಲಿಗೆ ಹೊಡೆಯುವ ಹೊಡೆತ) ಒಂಟಿಗೈಯದು. ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಆಟ ಕಲಿತು, ಹೈಸ್ಕೂಲು ಮುಗಿಯುವ ಮೊದಲೇ ತರಬೇತಿಗೆಂದು ಬೆಂಗಳೂರಿಗೆ ಬಂದವನು. ಅವನ ಆಟವನ್ನು ರೂಪಿಸಿದ್ದರಲ್ಲಿ ಬೆಂಗಳೂರಿನ ಪಾಲೂ ಇದೆ. ಈ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಹೊಡೆದ ಬಾಲ್ ವೇಗ ಕಳೆದುಕೊಳ್ಳುವುದು ನಿಧಾನ. ಎತ್ತರದ ಊರುಗಳಿಗೆಂದೇ ತಯಾರಾಗುವ ಬಾಲ್‌ಗಳನ್ನು ನಿಯಮದ ಪ್ರಕಾರ 1,219 ಮೀಟರ್‌ಗಿಂತ ಮೇಲೆ ಬಳಸುತ್ತಾರೆ. ಬೆಂಗಳೂರಿನಲ್ಲಿ ಮಾಮೂಲಿ ಬಾಲೇ. ಹಾರ್ಡ್ ಕೋರ್ಟ್, ಹಗುರ ಗಾಳಿ, ಎತ್ತರದ ಹುಡುಗ. ಹೀಗಾಗಿ ಸರ್ವ್ ಬೇಗ ಪಳಗಿತು. ಸರ್ವ್, ಅದರ ಬೆನ್ನಿಗೇ ಒಂದು ಫೋರ್‌ಹ್ಯಾಂಡ್ (ಬಲಬದಿಯ ಹೊಡೆತ), ಅಷ್ಟರಲ್ಲಿ ಪಾಯಿಂಟ್ ಮುಗಿಯಬೇಕು. ಜೂನಿಯರ್ ಮಟ್ಟದಲ್ಲಿ ಮುಗಿಯುತ್ತಲೂ ಇತ್ತು.

ಇಪ್ಪತ್ತನಾಲ್ಕರ ಹೊತ್ತಿಗೆ ಸಿಂಗಲ್ಸ್ ರ‍್ಯಾಂಕಿಂಗ್ ನಾನೂರರ ಆಸುಪಾಸಿಗೆ ಬಂದು ಅಲ್ಲೇ ನಿಂತಿತು. ಆ ಮೆಟ್ಟಿಲಲ್ಲಿ ನಿಂತವನ ಹಣಕಾಸು ಹೇಗಿರುತ್ತದೆ ಎಂಬುದನ್ನು ಹೇಳದೆ ಈ ಪ್ರಕರಣ ಅರ್ಥವಾಗುವುದಿಲ್ಲ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ (ಐಟಿಎಫ್) ಕೆಳಹಂತದ ಎಂ15 ಟೂರ್ನಿಯ ಒಟ್ಟು ಬಹುಮಾನ 15,000 ಡಾಲರ್. ಸಿಂಗಲ್ಸ್ ಗೆದ್ದವನಿಗೆ ಸಿಗುತ್ತಿದ್ದುದು 2,160 ಡಾಲರ್, ಮೊದಲ ಸುತ್ತಿನಲ್ಲಿ ಸೋತವನಿಗೆ 156. ಇದರಲ್ಲಿ ತೆರಿಗೆ ಹೋಗಬೇಕು. ವಿಮಾನ, ಹೋಟೆಲ್, ಊಟ, ಸ್ಟ್ರಿಂಗಿಂಗ್ ಎಲ್ಲ ಕೈಯಿಂದಲೇ. ಚಾಂಪಿಯನ್ ಆದರೆ 15 ಪಾಯಿಂಟ್. ಅದೂ 52 ವಾರ ಕಳೆದರೆ ಉದುರಿಹೋಗುತ್ತದೆ. ಇದಕ್ಕಿಂತ ಮೇಲಿನ ಹಂತದ ಚಾಲೆಂಜರ್ ಟೂರ್ನಿ ಗೆದ್ದರೆ ಅದರ ದರ್ಜೆಗೆ ತಕ್ಕಂತೆ 50ರಿಂದ 175. ಅಂದರೆ ಎಂ15, ಅದರ ಮೇಲಿನ ಮೆಟ್ಟಿಲಾದ ಎಂ25ಗಳಲ್ಲೇ ಸುತ್ತುವವನು ಗೆಲ್ಲುತ್ತಿದ್ದರೂ ಮೇಲೇರುವುದಿಲ್ಲ. ಕಳೆದ ವರ್ಷ ಗಳಿಸಿದ್ದನ್ನು ಈ ವರ್ಷ ಉಳಿಸಿಕೊಳ್ಳುತ್ತಾನೆ, ಅಷ್ಟೇ.

ಸಮಸ್ಯೆ

ಕಾಣುತ್ತಿದ್ದ ಸಮಸ್ಯೆ ಬ್ಯಾಕ್‌ಹ್ಯಾಂಡ್. ಕ್ಲೇ ಕೋರ್ಟಿನಲ್ಲಿ, ನಿಧಾನದ ಹಾರ್ಡ್ ಕೋರ್ಟಿನಲ್ಲಿ ಎದುರಾಳಿಗಳು ಟಾಪ್‌ಸ್ಪಿನ್ (ಬಾಲಿಗೆ ಮುಂದಕ್ಕುರುಳುವ ಸುತ್ತು) ಹಾಕಿ ಬಾಲನ್ನು ಅವನ ಎಡಭುಜದ ಮೇಲಕ್ಕೆ ಏರಿಸುತ್ತಿದ್ದರು. ಒಂಟಿಗೈಯವರಿಗೆ ಸೊಂಟದ ಎತ್ತರದಲ್ಲಿ ಬರುವ ಬಾಲ್ ಸುಖ. ಭುಜ ದಾಟಿತೆಂದರೆ ಆ ತೋಳಿಗೆ ಹಿಂದಿನಿಂದ ಆಸರೆಯಿಲ್ಲ. ಆತ ಸ್ಲೈಸ್ (ಬಾಲಿನಡಿ ಕೊಯ್ದಂತೆ ಹೊಡೆಯುವುದು) ಮಾಡುತ್ತಿದ್ದ, ಸ್ಲೈಸ್ ಅರ್ಧ ಕೋರ್ಟಿಗೆ ಬೀಳುತ್ತಿತ್ತು, ಎದುರಿನವನು ಮುಂದೆ ಬಂದು ಮುಗಿಸುತ್ತಿದ್ದ.

ಅದರ ಹಿಂದೆ ಇನ್ನೊಂದಿತ್ತು. ಬ್ಯಾಕ್‌ಹ್ಯಾಂಡ್ ಮೇಲೆ ನಂಬಿಕೆಯಿಲ್ಲದ್ದರಿಂದ ಪ್ರತಿ ಸರ್ವ್‌ನಲ್ಲೂ ನೇರ ಪಾಯಿಂಟ್ ಹುಡುಕುವ ಚಟ ಬೆಳೆಯಿತು. ಮೊದಲ ಸರ್ವ್ ಅತಿ ವೇಗ, ಒಳಗೆ ಬೀಳುವುದು ಕಡಿಮೆ, ಎರಡನೆಯದರ ಮೇಲೆ ಒತ್ತಡ. ಭುಜದ ಹಿಂಭಾಗದಲ್ಲಿ ನೋವು ಶುರುವಾಯಿತು. ನೋವಿಗೆ ಫಿಸಿಯೊ, ಬ್ಯಾಕ್‌ಹ್ಯಾಂಡಿಗೆ ಕೋಚ್ ಎಂದು ಬೇರೆ ಬೇರೆಯಾಗಿ ಚಿಕಿತ್ಸೆ ನಡೆಯಿತು. ಎರಡಕ್ಕೂ ಮೂಲ ಒಂದೇ ಎಂದು ಯಾರೂ ಕೂತು ಜೋಡಿಸಿ ನೋಡಲಿಲ್ಲ. ಈ ಪ್ರಕರಣದಲ್ಲಿ ಅತಿ ಹೆಚ್ಚು ಕಾಲ ಹಾಳಾದದ್ದು ಇಲ್ಲೇ.

ಮೊದಲು ಮಾಡಿದ ಪ್ರಯತ್ನಗಳು

ಗ್ರಿಪ್ (ರಾಕೆಟ್ ಹಿಡಿಯುವ ರೀತಿ) ಬದಲಾವಣೆ ಮೊದಲನೆಯದು. ಈಸ್ಟರ್ನ್ ಬ್ಯಾಕ್‌ಹ್ಯಾಂಡ್ ಗ್ರಿಪ್ಪಿನಿಂದ ಅಂಗೈಯನ್ನು ಹಿಡಿಯ ಹಿಂಬದಿಗೆ ಇನ್ನಷ್ಟು ಸರಿಸಿದರು. ಎತ್ತರದ ಬಾಲಿಗೆ ರಾಕೆಟ್ ಮುಖ ಮುಚ್ಚಿಕೊಂಡು ಬರುತ್ತದೆ, ಸ್ಪಿನ್ ಹೆಚ್ಚುತ್ತದೆ ಎಂಬುದು ಲೆಕ್ಕ. ರ‍್ಯಾಲಿಯಲ್ಲಿ ಅದು ಫಲ ಕೊಟ್ಟಿತು. ರಿಟರ್ನ್‌ನಲ್ಲಿ, ಅಂದರೆ ಎದುರಿನವನ ಸರ್ವ್ ಹಿಂದಿರುಗಿಸುವಾಗ, ಮುಳುಗಿಸಿತು. ಸರ್ವ್‌ಗೆ ಕಾಯುವಾಗ ಆತ ಫೋರ್‌ಹ್ಯಾಂಡಿನ ಸೆಮಿ-ವೆಸ್ಟರ್ನ್ ಗ್ರಿಪ್ ಹಿಡಿದಿರುತ್ತಿದ್ದ. ಅಲ್ಲಿಂದ ಹೊಸ ಗ್ರಿಪ್ಪಿಗೆ ಕೈ ತಿರುಗಬೇಕಾದ ದೂರ ಮೊದಲಿಗಿಂತ ಹೆಚ್ಚಾಯಿತು. ಜೋರಾದ ಮೊದಲ ಸರ್ವ್ ತಲುಪಲು ಅರ್ಧ ಸೆಕೆಂಡಿನ ಆಸುಪಾಸು ಸಾಕು. ಅಷ್ಟರಲ್ಲಿ ದಿಕ್ಕು ಗುರುತಿಸಿ, ಗ್ರಿಪ್ ತಿರುಗಿಸಿ, ಭುಜ ತಿರುಗಿಸಿ ಬಾಲನ್ನು ಮುಂದೆಯೇ ಮುಟ್ಟಲು ಆಗಲಿಲ್ಲ. ಕೆಲವು ತಿಂಗಳ ನಂತರ ಹಳೆಯ ಗ್ರಿಪ್ಪಿಗೆ ಮರಳಿದರು.

ಸ್ಟ್ರಿಂಗ್ ಎರಡನೆಯದು. ಆತ ಪೂರ್ತಿ ಪಾಲಿಯೆಸ್ಟರ್, 1.25 ಮಿ.ಮೀ., 54 ಪೌಂಡ್ ಬಿಗಿತದಲ್ಲಿ ಆಡುತ್ತಿದ್ದ. ಬೆಂಗಳೂರಿನಲ್ಲಿ ಬಾಲ್ ಹಾರದಿರಲೆಂದು 56. ಭುಜ ನೋಯುವವನಿಗೆ ಇದು ಕಟ್ಟಿಗೆಯಷ್ಟು ಗಡಸು. ಜೊತೆಗೆ ತುಂಡಾಗುವ ತನಕ ಅದೇ ತಂತಿ. ಪಾಲಿಯೆಸ್ಟರ್ ತುಂಡಾಗುವುದಕ್ಕಿಂತ ಬಹಳ ಮೊದಲೇ ಜೀವ ಕಳೆದುಕೊಳ್ಳುತ್ತದೆ. ಬಿಗಿತ ಇಳಿದು ಬಾಲ್ ಎಲ್ಲೆಲ್ಲಿಗೋ ಹೋಗುತ್ತದೆ, ಕೈಗೆ ಮಾತ್ರ ಏಟು ಹಾಗೇ ಬರುತ್ತಿರುತ್ತದೆ. ಉದ್ದದ ತಂತಿ ಪಾಲಿಯೆಸ್ಟರ್ 48 ಪೌಂಡ್, ಅಡ್ಡದ ತಂತಿ ಮೃದುವಾದ ಮಲ್ಟಿಫಿಲಮೆಂಟ್ 50 ಪೌಂಡ್ ಎಂದು ಹೈಬ್ರಿಡ್ ಮಾಡಿ, ಸುಮಾರು ಹತ್ತು ಗಂಟೆ ಆಡಿದೊಡನೆ ತುಂಡಾಗದಿದ್ದರೂ ಕತ್ತರಿಸಿ ಹೊಸದು ಹಾಕುವ ಶಿಸ್ತು ತಂದರು. ಖರ್ಚು ಏರಿತು, ನೋವು ಇಳಿಯಿತು. ಮುಂದೆ ಎಲ್ಲ ಬದಲಾದರೂ ಉಳಿದುಕೊಂಡದ್ದು ಈ ಒಂದು ಬದಲಾವಣೆ.

ಮೂರನೆಯದು, ವಾರವಾರವೂ ಸಿಂಗಲ್ಸ್ ಜೊತೆಗೆ ಡಬಲ್ಸ್. ಸಿಕ್ಕವನ ಜೊತೆ ಹೆಸರು ಕೊಟ್ಟು ಆಡುವುದು. ಅಚ್ಚರಿಯೆಂದರೆ ಸರಿಯಾಗಿ ಅಭ್ಯಾಸವೇ ಮಾಡದ ಡಬಲ್ಸ್‌ನಲ್ಲಿ ಆತ ಸೆಮಿಫೈನಲ್, ಫೈನಲ್ ಮುಟ್ಟುತ್ತಿದ್ದ. ಎರಡೂ ಆಡಿ ಭುಜ ಮತ್ತೆ ಕೆಟ್ಟಾಗ ಆಯ್ಕೆ ಮಾಡಲೇಬೇಕಾಯಿತು.

ನಿರ್ಧಾರ

ಕನ್ನಡನಾಡಿನಲ್ಲಿ ಸಿಂಗಲ್ಸ್ ಬಿಟ್ಟು ಡಬಲ್ಸ್ ಹಿಡಿಯುವ ಮಾತು ಬಂದರೆ ಎಲ್ಲರೂ ರೋಹನ್ ಬೋಪಣ್ಣ ಅವರ ಹೆಸರೆತ್ತುತ್ತಾರೆ. ಕೊಡಗಿನ ಅವರು ಸಿಂಗಲ್ಸ್‌ನಲ್ಲಿ 213ರ ತನಕ ಹೋಗಿ, ಡಬಲ್ಸ್‌ಗೆ ಹೊರಳಿ, 2024ರಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು, 43ನೇ ವಯಸ್ಸಿನಲ್ಲಿ ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೇರಿದರು. ದೊಡ್ಡ ಸರ್ವ್, ಒಂಟಿಗೈ ಬ್ಯಾಕ್‌ಹ್ಯಾಂಡ್ ಎರಡೂ ಅವರಲ್ಲಿದ್ದವು. ಮನೆಯವರೂ ಆಟಗಾರನಿಗೆ ಇದನ್ನೇ ಹೇಳಿದರು. ಕೋಚ್ ಒಪ್ಪಲಿಲ್ಲ, ಅದು ಸರಿ ಕೂಡ. ಅಂಥ ಸಾಧನೆ ಸ್ಫೂರ್ತಿ ಕೊಡುತ್ತದೆ. ಈ ಹುಡುಗನ ಯಾವ ಹೊಡೆತ ಡಬಲ್ಸ್‌ನಲ್ಲಿ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬ ಪ್ರಶ್ನೆಗೆ ಅದರಿಂದ ಉತ್ತರ ಸಿಗುವುದಿಲ್ಲ.

ಅವರು ಮಾಡಿದ್ದು ಷರತ್ತಿನ ಪ್ರಯೋಗ. ಒಂದು ವರ್ಷ ಡಬಲ್ಸ್ ಮಾತ್ರ. ಒಬ್ಬನೇ ಜೊತೆಗಾರನ ಜೊತೆ ಕನಿಷ್ಠ ಹತ್ತು ವಾರ. ವರ್ಷ ಮುಗಿಯುವಾಗ ರ‍್ಯಾಂಕಿಂಗ್ 300ರ ಒಳಗಿಲ್ಲದಿದ್ದರೆ ಬೇರೆ ದಾರಿ. ಈ ಷರತ್ತುಗಳನ್ನು ಬರೆದಿಟ್ಟರು. ಸಿಂಗಲ್ಸ್ ಬಿಡುವುದರಲ್ಲಿ ಒಂದು ನಷ್ಟವಿದೆ, ಅದನ್ನೂ ಮೊದಲೇ ಲೆಕ್ಕಕ್ಕೆ ತಂದರು: ಡಬಲ್ಸ್ ಪ್ರವೇಶಕ್ಕೆ ಇಬ್ಬರ ರ‍್ಯಾಂಕಿಂಗ್ ಕೂಡಿಸಿ ನೋಡುತ್ತಾರೆ, ಅಲ್ಲಿ ಸಿಂಗಲ್ಸ್ ರ‍್ಯಾಂಕಿಂಗನ್ನೂ ತೋರಿಸಬಹುದು. ಸಿಂಗಲ್ಸ್ ಪಾಯಿಂಟ್‌ಗಳು ಉದುರುವ ಮುನ್ನ, ಅಂದರೆ ಮೊದಲ ಏಳೆಂಟು ತಿಂಗಳಲ್ಲೇ ಡಬಲ್ಸ್ ರ‍್ಯಾಂಕಿಂಗ್ ತನ್ನ ಕಾಲ ಮೇಲೆ ನಿಲ್ಲಬೇಕಿತ್ತು. ಇನ್ನೊಂದು ಕಡೆ ಲಾಭ: ಈ ಹಂತದ ಡಬಲ್ಸ್ ಡ್ರಾ ಸಾಮಾನ್ಯವಾಗಿ 16 ಜೋಡಿಗಳದು. ಒಂದು ಪಂದ್ಯ ಗೆದ್ದರೆ ಕ್ವಾರ್ಟರ್‌ಫೈನಲ್.

ಗೆಲುವು ಬರದ ಆರು ತಿಂಗಳು

ಆರಂಭ ಕೆಟ್ಟದಾಗಿತ್ತು. ತಮ್ಮ ಸರ್ವ್‌ನ ಗೇಮ್ ಉಳಿಯುತ್ತಿತ್ತು, ಎದುರಿನವರ ಸರ್ವ್‌ನ ಗೇಮ್ ಗೆಲ್ಲಲು (ಬ್ರೇಕ್ ಮಾಡಲು) ಆಗುತ್ತಿರಲಿಲ್ಲ. ಸೆಟ್‌ಗಳು 7-6, 6-7. ಮೂರನೇ ಸೆಟ್ ಬದಲು ಹತ್ತು ಪಾಯಿಂಟಿನ ಮ್ಯಾಚ್ ಟೈಬ್ರೇಕ್. ಅಲ್ಲಿ ಎರಡು ಕೆಟ್ಟ ರಿಟರ್ನ್ ಸಾಕು, ಪಂದ್ಯ ಹೋಯಿತು. ‘ದುರದೃಷ್ಟ’ ಎಂದು ಆಟಗಾರ, ‘ಒತ್ತಡ’ ಎಂದು ಜೊತೆಗಾರ. ಬ್ರೇಕೇ ಮಾಡದ ಜೋಡಿಗೆ ಟೈಬ್ರೇಕ್ ಕಟ್ಟಿಟ್ಟ ಬುತ್ತಿ ಎಂಬುದನ್ನು ಇಬ್ಬರೂ ನೋಡಲಿಲ್ಲ.

ಕೋಚ್ ಒಂದು ಹಾಳೆ ಮಾಡಿದರು. ಆರು ಕಲಂ: ಯಾವ ಕೋರ್ಟ್, ಮೊದಲ ಸರ್ವೋ ಎರಡನೆಯದೋ, ಸರ್ವ್ ಬಿದ್ದದ್ದು ಹೊರಮೂಲೆಗೋ ಮೈಮೇಲೋ ‘ಟೀ’ಗೋ (ಸರ್ವಿಸ್ ಲೈನಿಗೆ ನಡುಗೆರೆ ಸೇರುವ ಜಾಗ), ಯಾವ ಕೈ, ರಿಟರ್ನ್ ಸೇರಿದ್ದು ಸರ್ವ್ ಮಾಡಿದವನಿಗೋ ನೆಟ್‌ನವನಿಗೋ ನೆಟ್ಟಿಗೋ ಹೊರಗೋ, ಪಾಯಿಂಟ್ ಯಾರಿಗೆ. ಮೊದಲು ಎಲ್ಲರೂ ಊಹಿಸಿದ್ದು ರಿಟರ್ನ್‌ಗಳು ಹೊರಗೆ ಹೋಗುತ್ತಿವೆ ಎಂದು. ಹಾಳೆ ಹೇಳಿದ್ದೇ ಬೇರೆ. ಬಾಲ್ ಕೋರ್ಟಿನೊಳಗೇ ಹೋಗುತ್ತಿತ್ತು, ಆದರೆ ನೆಟ್ ಬಳಿ ನಿಂತವನ ರಾಕೆಟ್ಟಿಗೆ. ಅದೂ ಒಂದೇ ಜಾಗದಿಂದ: ಆ್ಯಡ್ ಕೋರ್ಟ್ (ರಿಟರ್ನ್ ಮಾಡುವವರ ಕೋರ್ಟಿನ ಎಡ ಅರ್ಧ), ಹೊರಮೂಲೆಗೆ ಬಿದ್ದ ಸರ್ವ್, ಬ್ಯಾಕ್‌ಹ್ಯಾಂಡ್.

ಅಭ್ಯಾಸದಲ್ಲಿ ಹಿಂದಿನಿಂದ ಫೋನಿನಲ್ಲಿ ವಿಡಿಯೊ ಮಾಡಿ ನಿಧಾನಗತಿಯಲ್ಲಿ ನೋಡಿದರು. ಒಂಟಿಗೈ ಬ್ಯಾಕ್‌ಹ್ಯಾಂಡಿನಲ್ಲಿ ಬಾಲ್ ಮುಂಗಾಲಿಗಿಂತ ಸುಮಾರು ಒಂದಡಿ ಮುಂದೆ ತಾಗಬೇಕು. ಇವನಿಗೆ ಸೊಂಟದ ಪಕ್ಕದಲ್ಲಿ ತಾಗುತ್ತಿತ್ತು. ತಡ. ಇನ್ನು ಮುಂದಿನದು ಬರಿ ರೇಖಾಗಣಿತ. ಬಲಗೈಯವನ ಬ್ಯಾಕ್‌ಹ್ಯಾಂಡ್ ಬೇಗ ತಾಗಿದರೆ ಬಾಲ್ ಅವನ ಬಲಕ್ಕೆ ಹೋಗುತ್ತದೆ, ತಡವಾದರೆ ಎಡಕ್ಕೆ. ಆ್ಯಡ್ ಕೋರ್ಟಿನಲ್ಲಿ ನಿಂತವನಿಗೆ ಸರ್ವ್ ಮಾಡಿದವನು ಓರೆಯಾಗಿ ಬಲಕ್ಕಿರುತ್ತಾನೆ, ನೆಟ್‌ನವನು ನೇರ ಎದುರಿಗೆ, ಎಡಬದಿಯಲ್ಲಿ. ತಡವಾದ ಪ್ರತಿ ಬಾಲೂ ಅವನಿಗೇ ಬಡಿಸಿಟ್ಟ ಹಾಗೆ. ಡ್ಯೂಸ್ ಕೋರ್ಟಿನಲ್ಲಿ (ಬಲ ಅರ್ಧ) ಇದು ತಿರುವುಮುರುವು. ಸರ್ವ್ ಮಾಡಿದವನು ಎಡಕ್ಕಿರುತ್ತಾನೆ. ಅಲ್ಲಿ ಬ್ಯಾಕ್‌ಹ್ಯಾಂಡಿಗೆ ಬರುವುದು ‘ಟೀ’ ಸರ್ವ್. ತಡವಾದರೂ ಬಾಲ್ ಎಡಕ್ಕೆ ಜಾರಿ, ನೆಟ್‌ನವನಿಂದ ದೂರ, ಸರ್ವ್ ಮಾಡಿದವನ ಕಡೆಗೇ ಓಡುತ್ತದೆ.

“ಸರ್, ಆ್ಯಡ್ ಕೋರ್ಟ್ ಬಿಟ್ರೆ ದೊಡ್ಡ ಪಾಯಿಂಟ್‌ಗಳು ಕೈತಪ್ಪತ್ತಲ್ಲ?” ಎಂದು ಆಟಗಾರ ಕೇಳಿದ.

“ನೀನು ಲೇಟ್ ಆಗೋದನ್ನ ತಪ್ಪಿಸೋಕೆ ಎರಡು ವರ್ಷ ಕಳೆದಿದೀವಿ. ಲೇಟಾದ್ರೂ ಬಾಲ್ ಸರಿಯಾದ ಕಡೆಗೇ ಹೋಗೋ ಜಾಗ ಇದೆ. ಅಲ್ಲಿ ನಿಂತ್ಕೊ,” ಎಂದರು ಕೋಚ್.

ಈ ಪ್ರಕರಣದ ತಿರುವು ಇದೇ. ದೋಷ ತಿದ್ದುವ ಬದಲು, ದೋಷದ ದಂಡ ಕಡಿಮೆಯಿರುವ ಜಾಗಕ್ಕೆ ಆಟಗಾರನನ್ನು ಸರಿಸಿದರು. ಇಪ್ಪತ್ತೈದು ದಾಟಿದವನ ಹೊಡೆತವನ್ನು ಬುಡದಿಂದ ಬದಲಿಸುವುದಕ್ಕಿಂತ ಇದು ಎಷ್ಟೋ ಅಗ್ಗ.

ಆತ ಆ್ಯಡ್ ಕೋರ್ಟಿಗೆ ಬಂದದ್ದಾದರೂ ಏಕೆ? ಅಡ್ವಾಂಟೇಜ್ ಪಾಯಿಂಟನ್ನು (40-40ರ ನಂತರ ಒಂದು ಪಾಯಿಂಟ್ ಮುಂದಿರುವಾಗ ಆಡುವುದು) ಗಟ್ಟಿ ಆಟಗಾರ ಆಡಬೇಕು ಎಂಬ ಹಳೆಯ ನಂಬಿಕೆಯಿಂದ. ಆದರೆ ಈಗ ಟೂರ್‌ನ ಡಬಲ್ಸ್‌ನಲ್ಲಿ, ಅದರ ಕೆಳಗಿನ ಹಂತಗಳಲ್ಲೂ, ನೋ-ಆ್ಯಡ್ ಪದ್ಧತಿ: 40-40 ಆದರೆ ಒಂದೇ ಪಾಯಿಂಟ್, ಯಾವ ಬದಿಯವನು ರಿಟರ್ನ್ ಮಾಡಬೇಕೆಂದು ಆರಿಸುವವರು ರಿಟರ್ನ್ ಮಾಡುವ ಜೋಡಿಯೇ. ನಿಯಮ ಬದಲಾಗಿ ಎಷ್ಟೋ ವರ್ಷವಾದರೂ ಅಕಾಡೆಮಿಗಳಲ್ಲಿ ಹಳೆಯ ಮಾತೇ ಓಡುತ್ತಿದೆ. ಇನ್ನೊಂದು ಕಾರಣ ನಿಜವಾದದ್ದು: ಆ್ಯಡ್ ಕಡೆಯ ಬಲಗೈಯವನಿಗೆ ನಡುಗೆರೆಯ ಬಾಲ್ ಫೋರ್‌ಹ್ಯಾಂಡಿಗೆ ಸಿಗುತ್ತದೆ. ಬದಿ ಬದಲಿಸಿದಾಗ ಇದನ್ನು ಕಳೆದುಕೊಂಡರು. ‘ನಡುವಿನ ಬಾಲ್ ಆ್ಯಡ್ ಕಡೆಯವನದು, ಕೂಗಬೇಕಾಗಿಲ್ಲ’ ಎಂಬ ಒಪ್ಪಂದದಿಂದ ನಷ್ಟ ತುಂಬಿಕೊಂಡರು.

ಬದಲಾವಣೆ ಹೇಗೆ ನಡೆಯಿತು

ಹಳೆಯ ಜೊತೆಗಾರನೂ ಡ್ಯೂಸ್ ಕೋರ್ಟಿನವನೇ. ಎರಡು ಟೂರ್ನಿ ಆ್ಯಡ್ ಕಡೆ ಆಡಿ ನೋಡಿದ, ಒಗ್ಗಲಿಲ್ಲ. ಇಬ್ಬರೂ ಮುನಿಸಿಲ್ಲದೆ ಬೇರೆಯಾದರು. ಹೊಸ ಜೊತೆಗಾರನನ್ನು ಹುಡುಕುವಾಗ ಮೊದಲ ಸಲ ರ‍್ಯಾಂಕಿಂಗನ್ನು ಪಕ್ಕಕ್ಕಿಟ್ಟು ಹೊಡೆತ ನೋಡಿದರು: ಎರಡು ಕೈಯ ಬ್ಯಾಕ್‌ಹ್ಯಾಂಡ್ ಇರಬೇಕು, ಆ್ಯಡ್ ಕಡೆಯಿಂದ ಓರೆಯಾಗಿ ಸಲೀಸಾಗಿ ಎಳೆಯುವವನಾಗಿರಬೇಕು. ಸಿಕ್ಕವನ ಸರ್ವ್ ಸಾಧಾರಣ, ರಿಟರ್ನ್ ಗಟ್ಟಿ. ಕೊಠಡಿ ಹಂಚಿಕೆ, ಟಿಕೆಟ್ ರದ್ದಾದರೆ ಯಾರ ಖರ್ಚು, ಬಿಡುವುದಾದರೆ ಎಷ್ಟು ವಾರ ಮುಂಚೆ ಹೇಳಬೇಕು, ಇದನ್ನೆಲ್ಲ ಮೊದಲೇ ಮಾತಾಡಿಕೊಂಡರು. ಜೋಡಿಗಳು ಮುರಿಯುವುದು ಆಟಕ್ಕಿಂತ ಹೆಚ್ಚಾಗಿ ಇಂಥ ವಿಷಯಗಳಿಗೆ.

ರಿಟರ್ನ್ ಅಭ್ಯಾಸವನ್ನು ಚಿಪ್ (ರಾಕೆಟ್ ಹೆಚ್ಚು ಬೀಸದೆ ಬಾಲನ್ನು ತಗ್ಗಾಗಿ ಕೊಯ್ದು ಕಳಿಸುವ ಹೊಡೆತ) ಒಂದಕ್ಕೇ ಕಟ್ಟಿದರು. ಕಾಯುವಾಗಿನ ಗ್ರಿಪ್ ಕಾಂಟಿನೆಂಟಲ್‌ಗೆ (ಫೋರ್‌ಹ್ಯಾಂಡ್, ಬ್ಯಾಕ್‌ಹ್ಯಾಂಡ್ ಗ್ರಿಪ್‌ಗಳ ನಡುವಿನದು) ಹತ್ತಿರ, ಆಗ ಬ್ಯಾಕ್‌ಹ್ಯಾಂಡಿಗೆ ಕೈ ಹೆಚ್ಚು ತಿರುಗಬೇಕಿಲ್ಲ. ರಾಕೆಟ್ ಹಿಂದಕ್ಕೆ ಹೋಗುವುದು ಭುಜ ತಿರುಗಿದಷ್ಟೇ. ಸರ್ವ್ ಮಾಡುವವನು ಬೇಸ್‌ಲೈನಿಗಿಂತ ಎರಡು-ಮೂರು ಮೀಟರ್ ಒಳಗೆ ನಿಂತು ‘ಟೀ’ಗೆ ಹೊಡೆಯುತ್ತಾನೆ, ನಿಜವಾದ ಪಂದ್ಯಕ್ಕಿಂತ ಕಡಿಮೆ ಸಮಯ ಸಿಗುತ್ತದೆ. ನೆಟ್‌ನಲ್ಲಿ ಒಬ್ಬ ನಿಂತು ಮನಸ್ಸಿಗೆ ಬಂದಾಗ ನಡುವಿಗೆ ನುಗ್ಗುತ್ತಾನೆ. ಗುರಿ: ಎದುರಿನ ಸರ್ವಿಸ್ ಲೈನಿನ ಮೂಲೆಯಲ್ಲಿಟ್ಟ ಕೋನ್. ನೆಟ್ ನಡುವಿನಲ್ಲಿ 91.4 ಸೆಂ.ಮೀ., ಕಂಬದ ಬಳಿ 1.07 ಮೀಟರ್. ‘ಟೀ’ ಸರ್ವ್‌ಗೆ ಹೊಡೆಯುವ ಓರೆ ರಿಟರ್ನ್ ಕಂಬದಿಂದ ದೂರ, ತಗ್ಗಾದ ಆ ನಡುವಿನ ಸಮೀಪ ದಾಟುವುದರಿಂದ ಬಾಲನ್ನು ತಗ್ಗಾಗಿಯೇ ಇಡಬಹುದು. ಇಪ್ಪತ್ತು ಬಾಲಿನ ಕಂತು, ಮೂರು ಕಂತು, ಅಷ್ಟೇ. ಅದಕ್ಕಿಂತ ಹೆಚ್ಚಾದರೆ ಕಾಲು ನಿಂತುಬಿಡುತ್ತದೆ, ಬರಿ ಕೈ ಆಡುತ್ತದೆ. ಎಣಿಸುತ್ತಿದ್ದುದು ಕೋನ್‌ಗೆ ತಾಗಿದ್ದನ್ನಲ್ಲ, ನೆಟ್‌ನವನಿಗೆ ಸಿಗದೆ ದಾಟಿದ್ದನ್ನು.

ಸರ್ವ್ ಕೂಡ ಬದಲಾಯಿತು. ಪೂರ್ತಿ ಬಲದ ಮೊದಲ ಸರ್ವ್ ಬಿಟ್ಟು ಮುಕ್ಕಾಲು ಬಲ. ಡಬಲ್ಸ್‌ನಲ್ಲಿ ಏಸ್ (ಎದುರಾಳಿ ಮುಟ್ಟಲೂ ಆಗದ ಸರ್ವ್) ಬೇಕಿಲ್ಲ. ನೆಟ್‌ನ ಜೊತೆಗಾರ ನುಗ್ಗಿ ಮುಗಿಸುವಂಥ ರಿಟರ್ನ್ ಹುಟ್ಟಿಸಿದರೆ ಸಾಕು. ‘ಟೀ’ಗೆ ಸರ್ವ್ ಹಾಕಿದರೆ ರಿಟರ್ನ್‌ನ ಕೋನ ಕಿರಿದಾಗುತ್ತದೆ, ನುಗ್ಗುವವನಿಗೆ ದಾರಿ ಸಿಗುತ್ತದೆ. ಅಭ್ಯಾಸದ ಒಂದು ಅವಧಿಯಲ್ಲಿ ಪೂರ್ತಿ ಚಲನೆಯ ಸರ್ವ್ 80ಕ್ಕೆ ಮಿತಿ. ಅದಕ್ಕೆ ಮೊದಲು ತೋಳನ್ನು ಹೊರಮುಖ ತಿರುಗಿಸುವ ರಬ್ಬರ್ ಬ್ಯಾಂಡ್ ವ್ಯಾಯಾಮ, ಹದಿನೈದರ ಮೂರು ಸುತ್ತು. ಭುಜ ತಾನಾಗಿ ಸುಮ್ಮನಾಯಿತು ಎನ್ನಲಾಗದು, ಆದರೆ ಅದರಿಂದ ಟೂರ್ನಿ ಬಿಡುವುದು ನಿಂತಿತು.

ಏನಾಯಿತು

ಹೊಸ ಜೋಡಿ ಮೊದಲ ಎರಡು ಟೂರ್ನಿಗಳಲ್ಲಿ ಬೇಗನೆ ಸೋತಿತು. ಹಾಳೆಯಲ್ಲಿ ಮಾತ್ರ ನೆಟ್‌ನವನಿಗೆ ಹೋದ ರಿಟರ್ನ್‌ಗಳು ಅರ್ಧಕ್ಕಿಂತ ಕೆಳಗಿಳಿದಿದ್ದವು. ಫಲಿತಾಂಶ ನೋಡಿದ್ದರೆ ಅಲ್ಲೇ ಕೈಬಿಡುತ್ತಿದ್ದರು. ಹಾಳೆ ನೋಡಿ ಮುಂದುವರಿದರು. ಬಳಿಕ ಎಂ25ಗಳಲ್ಲಿ ಪ್ರಶಸ್ತಿಗಳು ಬಂದವು, ಚಾಲೆಂಜರ್‌ಗಳಿಗೆ ನೇರ ಪ್ರವೇಶ ಸಿಗತೊಡಗಿತು. ವರ್ಷದ ಕೊನೆಗೆ ರ‍್ಯಾಂಕಿಂಗ್ 300ರ ಒಳಗೆ, ಮರುವರ್ಷ 200ರ ಒಳಗೆ. ಗ್ರ್ಯಾನ್‌ಸ್ಲಾಮ್ ಪುರುಷರ ಡಬಲ್ಸ್‌ನಲ್ಲಿ 64 ಜೋಡಿಗಳಿಗೆ ಜಾಗ. ಅಲ್ಲಿಗೆ ಇನ್ನೂ ದೂರವಿದೆ. ಆದರೆ ಟೂರ್ನಿಯ ವಾರಗಳು ಈಗ ಸಾಲ ಬೆಳೆಸುತ್ತಿಲ್ಲ.

ಒಂದು ಸಂಗತಿ ವಿಶೇಷವಾಗಿ ಗಮನಿಸಬೇಕು. ಮ್ಯಾಚ್ ಟೈಬ್ರೇಕ್ ಶುರುವಾಗುವಾಗ, ಹೊಸ ಸೆಟ್ಟಿನ ಹಾಗೆಯೇ, ಜೋಡಿಯೊಳಗೆ ಸರ್ವ್ ಮತ್ತು ರಿಟರ್ನ್‌ನ ಕ್ರಮ ಬದಲಿಸಲು ನಿಯಮದಲ್ಲಿ ಅವಕಾಶವಿದೆ. ಸೆಟ್ಟಿನ ನಡುವೆ ಆಗುವುದಿಲ್ಲ. ಎಡಗೈ ಸರ್ವರ್ ಎದುರಾದಾಗ ಈ ಜೋಡಿ ಇದನ್ನು ಯೋಚಿಸಿಯೇ ಬಳಸುತ್ತದೆ. ಎಷ್ಟೋ ಜೋಡಿಗಳಿಗೆ ಈ ಅವಕಾಶ ಇರುವುದು ನೆನಪೇ ಇರುವುದಿಲ್ಲ.

ಎದುರಾಳಿಗಳು ಸುಮ್ಮನೆ ಕೂರಲಿಲ್ಲ. ‘ಟೀ’ಗೆ ಹಾಕಿದರೆ ಚಿಪ್ ಬರುತ್ತದೆಂದು ತಿಳಿದು ಡ್ಯೂಸ್ ಕೋರ್ಟಿನ ಹೊರಮೂಲೆಗೆ ಸ್ಲೈಸ್ ಸರ್ವ್ ಹಾಕತೊಡಗಿದರು. ಅಲ್ಲಿ ಫೋರ್‌ಹ್ಯಾಂಡ್. ಕಾಂಟಿನೆಂಟಲ್ ಕಡೆಗೆ ಸರಿದ ಕಾಯುವ ಗ್ರಿಪ್ಪಿನಿಂದ ಈಗ ಫೋರ್‌ಹ್ಯಾಂಡೇ ತಡವಾಗುತ್ತಿದೆ. ತಡವಾದ ಫೋರ್‌ಹ್ಯಾಂಡ್ ಬಲಕ್ಕೆ, ಅಂದರೆ ಮತ್ತೆ ನೆಟ್‌ನವನ ಕಡೆಗೆ. ಸದ್ಯದ ಉಪಾಯ ಎರಡು: ಸೈಡ್‌ಲೈನ್ ಕಡೆಗೆ ಅರ್ಧ ಹೆಜ್ಜೆ ಸರಿದು ನಿಲ್ಲುವುದು, ಮತ್ತು ಆ ಸರ್ವ್‌ಗೆ ಓರೆ ಹೊಡೆತದ ಯೋಚನೆಯನ್ನೇ ಬಿಟ್ಟು ನೆಟ್‌ನವನ ತಲೆಯ ಮೇಲೆ ಲಾಬ್ ಮಾಡುವುದು. ಲಾಬ್ ಇನ್ನೂ ಗಿಡ್ಡ ಬೀಳುತ್ತಿದೆ. ಕೋನ್ ಈಗ ಎದುರಿನ ಬೇಸ್‌ಲೈನಿಗೆ ಒಂದೂವರೆ ಮೀಟರ್ ಒಳಗೆ, ನೇರ ಸಾಲಿನಲ್ಲಿದೆ.

ಇದೇ ಲೆಕ್ಕವನ್ನು ಇನ್ನೊಬ್ಬರಿಗೆ ಹಚ್ಚುವ ಮುನ್ನ ಎರಡು ವಿಷಯ ನೋಡಿಕೊಳ್ಳಬೇಕು. ಎಡಗೈ ಆಟಗಾರನಿಗೆ ದಿಕ್ಕುಗಳೆಲ್ಲ ಅದಲುಬದಲು. ಅವನ ತಡವಾದ ಬ್ಯಾಕ್‌ಹ್ಯಾಂಡ್ ಸುರಕ್ಷಿತವಾಗಿರುವುದು ಆ್ಯಡ್ ಕೋರ್ಟಿನಲ್ಲಿ. ಬ್ಯಾಕ್‌ಹ್ಯಾಂಡ್ ತಡವಾಗದೆ ಬೇಗ ತಾಗುವವನಿಗೆ, ಅಂದರೆ ಆತುರದಿಂದ ಎಳೆಯುವ ಬಲಗೈಯವನಿಗೆ, ಡ್ಯೂಸ್ ಕೋರ್ಟೇ ಅಪಾಯದ ಜಾಗ. ಹಾಗಾಗಿ ಬದಿ ಬದಲಿಸುವ ಮಾತಿಗಿಂತ ಮೊದಲು ನಾಲ್ಕೈದು ಪಂದ್ಯಗಳ ಹಾಳೆ, ಹಿಂದಿನಿಂದ ತೆಗೆದ ವಿಡಿಯೊ ಎರಡೂ ಕೈಯಲ್ಲಿರಬೇಕು. ಹಾಳೆಯಲ್ಲಿ ಮೊದಲ ಸರ್ವ್, ಎರಡನೇ ಸರ್ವ್ ಬೇರೆ ಬೇರೆ ಬರೆಯದಿದ್ದರೆ ಚಿತ್ರ ಕಲಸಿಹೋಗುತ್ತದೆ: ಎರಡನೇ ಸರ್ವ್‌ಗೆ ಇದೇ ಆಟಗಾರನ ಬ್ಯಾಕ್‌ಹ್ಯಾಂಡ್ ಯಾವತ್ತೂ ತಡವಾಗಿರಲಿಲ್ಲ.